ಅಣ್ಣು ಮಾಮನ ರೇಡಿಯೋ

ಮುಂಬೈ ಫೋರ್ಟಿನ ನಮ್ಮ ಆಫೀಸಿನ ಕಂಪ್ಯೂಟರ್ ನಿಧಾನವಾದರೆ, ಹಿರಿಯ ಆಪರೇಟರ್ ಅಣ್ಣು ಮಾಮ ನಶ್ಯ ಏರಿಸಿ, ತಮ್ಮ ಪುಟ್ಟ ರೇಡಿಯೋವನ್ನು ಅದರ ಮೇಲಿಟ್ಟು ಕಿವಿಗೊಡುತ್ತಿದ್ದರು. ಯಂತ್ರದ ಓಟ ರೇಡಿಯೋದಲ್ಲಿ ಗುಂಯ್‌ಗುಡುತ್ತಿತ್ತು. ಸ್ವರ ದಪ್ಪಗಾದರೆ ಪ್ರೊಸೆಸರಿಗೆ ಹೊರೆ. ತಡೆತಡೆದು ಬಂದರೆ ಮೆಮೊರಿ ತುಂಬಿದೆ.

"ಪಾಪ, ಅದಕ್ಕೆ ಎಷ್ಟೂಂತ ತಿನ್ನಿಸ್ತೀರಿ ಮಾರಾಯ್ರೆ? ಒಂದು ಕೆಲಸ ಇಳಿಸಿ," ಎನ್ನುತ್ತಿದ್ದರು.

ಎಪ್ಪತ್ತಾರರ ಚಳಿಗಾಲದಲ್ಲಿ ಅವರು ತೀರಿಕೊಂಡರು. ರೇಡಿಯೋವನ್ನು ಅಲ್ಲಿಂದ ಎತ್ತಿಡಲು ನಮಗ್ಯಾರಿಗೂ ಮನಸ್ಸಾಗಲಿಲ್ಲ.

ಮರುವರ್ಷ ಮೇ ತಿಂಗಳ ಒಂದು ಮಧ್ಯಾಹ್ನ. ವಿಶ್ವವಿದ್ಯಾಲಯವೊಂದರ ಪರೀಕ್ಷೆಯ ಫಲಿತಾಂಶ ಸಂಜೆಯೊಳಗೆ ಅಚ್ಚಾಗಬೇಕಿತ್ತು. ಯಂತ್ರ ತೆವಳತೊಡಗಿ, ಪ್ರಿಂಟರ್ ನಿಂತೇಬಿಟ್ಟಿತು. ನಾನೂ ಆಪರೇಟರ್ ರಾಜೀವಿಯೂ ಕಾರಣ ಹುಡುಕಿ ಸೋತಿದ್ದಾಗ ರೇಡಿಯೋ ತಡೆತಡೆದು ಗುಂಯ್‌ಗುಟ್ಟಿತು. ಮುಟ್ಟಿದೆ. ಎ.ಸಿ.ಯ ಆ ಚಳಿಯಲ್ಲೂ ಯಾರೋ ಈಗಷ್ಟೇ ಕೈಯಿಂದ ಕೆಳಗಿಟ್ಟಂತೆ ಬೆಚ್ಚಗಿತ್ತು. ನಶ್ಯದ ವಾಸನೆ ಬಂತು. ಜೊತೆಗೆ ಓಡುತ್ತಿದ್ದ ಗೋದಾಮಿನ ಲೆಕ್ಕದ ಕೆಲಸವನ್ನು ಯಂತ್ರದಿಂದ ಇಳಿಸಿದೆ. ಸ್ವರ ತಿಳಿಯಾಯಿತು, ಪ್ರಿಂಟರ್ ಓಡಿತು.

ರಾಜೀವಿ ಕಣ್ಣೊರೆಸಿಕೊಂಡು ನಕ್ಕಳು. "ಇನ್ನು ಆಫ್ ಮಾಡಿ ಸರ್, ಮಾಮನ ಸೆಲ್ ಮುಗೀತದೆ."

ಸೋರಿ ರೇಡಿಯೋ ಕೆಡಬಾರದೆಂದು ಮಾಮ ತೀರಿಕೊಂಡ ವಾರವೇ ನಾನು ತೆಗೆದ ಆ ಸೆಲ್‌ಗಳು ಬೊರಿವಲಿಯಲ್ಲಿ ನಮ್ಮ ಮನೆಯ ಟಾರ್ಚಿನಲ್ಲಿದ್ದವು. ಅವಳಿಗೆ ಇಂದಿಗೂ ಹೇಳಿಲ್ಲ.