ಚೌಕಟ್ಟಿನ ಮೊಳೆ

"ತಮ್ಮಾ, ಆ ಮೊಳಿ ಒಂದ ಕೀಳಬ್ಯಾಡ. ಉಳದದ್ದು ಏನರೆ ಮಾಡ್ಕೋ," ಎಂದಳು ಉಡಚಮ್ಮ, ಯಲಬುರ್ಗಾದ ಆ ಹಳೆಯ ವಾಡೆಗೆ ಕಾವಲಿದ್ದ ಮುದುಕಿ. "ಈ ಮನಿ ಸೊಸಿಗೆ ಮಾಟ ಮಾಡಿಸಿದ್ರು. ಎರಡೂ ಕೈ ಜೋಮು ಹಿಡದು ಸತ್ತಂಗ ಆಗಿದ್ವು. ಆ ಜೋಮನ್ನ ಮಂತ್ರಿಸಿ ಈ ಬಾಗಲ ಚೌಕಟ್ಟಿನ್ಯಾಗ ಬಡದಾರ."

"ಬ್ಯಾರೆ ಮನಿ ನೋಡ್ಕೋ ಅಂತ ಹೇಳವ್ವ ಅದಕ್ಕ," ಎಂದು ರುದ್ರೇಶ ನಕ್ಕ.

ಹದಿನಾರು ವರ್ಷಗಳಿಂದ ಗಂಡ ಹೆಂಡತಿ ಇಬ್ಬರದೂ ಒಂದೇ ಕಸುಬು. ಕುಷ್ಟಗಿಯಿಂದ ಗಂಗಾವತಿಯವರೆಗೆ ಹಳೆಯ ಮನೆಗಳನ್ನು ದುರಸ್ತಿ ಮಾಡುತ್ತಿದ್ದರು. ಮರದ ಕೆಲಸ ಅವನದು, ಗೋಡೆ ಮಲ್ಲೇಶ್ವರಿಯದು. ಗಾರೆಯ ಮೇಲೆ ಅಂಗೈ ಇಟ್ಟರೆ ಸಾಕು, ಒಳಗೆ ಎಷ್ಟು ಹಸಿಯಿದೆ ಎಂದು ಹೇಳಿಬಿಡುವಳು. ಆ ಕೈಗಳೆಂದರೆ ಅವನಿಗೆ ಪ್ರಾಣ. ತನ್ನ ಕೈಚಳಕದ ಬಗ್ಗೆಯೂ ಜಂಬ ಕಡಿಮೆಯೇನಿರಲಿಲ್ಲ ಅನ್ನಿ. ಗೇಣುದ್ದದ ತುಕ್ಕು ಮೊಳೆಯನ್ನು ಕಿತ್ತ. ಸುಟ್ಟ ಕೂದಲಿನ ವಾಸನೆ ಬಂತು. ತೂತಿಗೆ ಸಾಗವಾನಿ ಬೆಣೆ ಜಡಿದು, ಎಳೆಗೆ ಎಳೆ ಕೂಡಿಸಿ, ಉಜ್ಜಿ, ಎಣ್ಣೆ ಸವರಿದ.

"ಎಲ್ಲಿತ್ತು ಅಂತ ದೇವರಿಗೂ ಗೊತ್ತಾಗಬಾರ್ದು," ಎಂದ.

ಮೂರನೆಯ ದಿನ ಮಲ್ಲೇಶ್ವರಿ ಪಡಸಾಲೆಯ ಗೋಡೆಯನ್ನು ಸವರುತ್ತಲೇ ನಿಂತಿದ್ದಳು. "ಏನ್ರಿ, ಗ್ವಾಡಿ ಹಸಿ ಐತೇನ್ರಿ? ನನಗ ತಿಳೀವಲ್ದು."

ಗೋಡೆ ಕೆಂಪಗೆ ಒದ್ದೆಯಾಗಿತ್ತು. ಅವಳ ಅಂಗೈ ಚರ್ಮ ಸುಲಿದುಹೋಗಿತ್ತು. ಮುಖದಲ್ಲಿ ನೋವಿನ ಗುರುತೇ ಇಲ್ಲ.

ಕೊಪ್ಪಳದ ಡಾಕ್ಟರು ನರಗಳೆಲ್ಲ ಸರಿ ಇವೆ ಎಂದರು. ಮರುದಿನ ಮೊಣಕೈವರೆಗೆ ಜೋಮು ಏರಿತು. ಅದರ ಮರುದಿನ ಹೆಗಲಿಗೆ.

"ಎದಿಗೆ ಬಂದ್ರ ಮುಗೀತು," ಎಂದಳು ಉಡಚಮ್ಮ. "ಇದ್ದ ತೂತಿನ್ಯಾಗ ತಿರುಗಿ ಬಡಿ. ಬ್ಯಾರೆ ಕಡೆ ನಿಲ್ಲಂಗಿಲ್ಲ."

ರುದ್ರೇಶ ಮೊಳೆ ಹಿಡಿದು ಚೌಕಟ್ಟಿನ ಮುಂದೆ ನಿಂತ. ತೂತು ಎಲ್ಲಿತ್ತು? ಟಾರ್ಚ್ ಬಿಟ್ಟು ನೋಡಿದ. ಎಣ್ಣೆ ಒರೆಸಿದ, ಉಳಿಯಿಂದ ಕೆರೆದ. ಒಂದು ಗೆರೆಯೂ ಕಾಣಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿದ್ದ. ಇಂಥದ್ದನ್ನು ಬೆರಳಿನಿಂದಲೇ ಹುಡುಕಿ ಕೊಡುತ್ತಿದ್ದವಳು ಹಿಂದೆ ಗೋಡೆಗೊರಗಿ ಕೂತಿದ್ದಳು. ಕೈಗಳು ಮಡಿಲಲ್ಲಿ ಬಿದ್ದಿದ್ದವು, ಬೇರೆಯವರವೆಂಬಂತೆ.

ಕಣ್ಣು ಮುಚ್ಚಿ ಮರದ ಮೇಲೆ ಎಡ ಅಂಗೈ ಆಡಿಸಿದ. ಒಂದು ಕಡೆ ಕೈ ತಣ್ಣಗಾಯಿತು. ಕೈ ಇದೆಯೆಂಬುದೇ ತಿಳಿಯದಾಯಿತು. ಗುರುತು ಹಾಕಲು ಕೈ ತೆಗೆದ. ಜಾಗ ತಪ್ಪಿತು. ಮತ್ತೆ ಹುಡುಕಿದ. ಸಿಕ್ಕಿತು. ತೆಗೆದ. ತಪ್ಪಿತು. ಮರದೊಳಗೆ ಉಗುರು ಕೆರೆದ ಸದ್ದು. ಅದೇ ಸುಟ್ಟ ಕೂದಲಿನ ವಾಸನೆ.

"ಉಸಿರು... ಬರವಲ್ದ್ರಿ..." ಎಂದಳು ಮಲ್ಲೇಶ್ವರಿ.

ಮೂರನೆಯ ಸಲ ಅವನು ಕೈ ತೆಗೆಯಲಿಲ್ಲ.

"ಉಡಚವ್ವ, ಮೊಳಿ ಹಿಡಿ. ನನ್ನ ಕೈ ಮ್ಯಾಲ."

ಮುದುಕಿ ಮುಖ ತಿರುಗಿಸಿಕೊಂಡು ಹಿಡಿದಳು. ಅವನು ಬಲಗೈಯಿಂದ ಸುತ್ತಿಗೆ ಎತ್ತಿದ. ಒಂದು ಏಟು. ಎರಡು. ಎಲುಬು ಸೀಳಿದ ಸದ್ದು ಕೇಳಿತು. ನೋವು ಬರಲಿಲ್ಲ. ಮೂರು. ನಾಲ್ಕು. ಕೆರೆತ ನಿಂತಿತು.

ಮಲ್ಲೇಶ್ವರಿ ಕಿರುಚಿದಳು. "ಕೈ ಉರೀತಾವ್ರಿ! ನನ್ನ ಕೈ ಉರೀತಾವ!" ಓಡಿಬಂದು ಮೊಳೆಗೆ ಕೈ ಹಾಕಿದಳು.

"ಕೀಳಬ್ಯಾಡ," ಎಂದ ಅವನು. ಅವಳು ಅಳುತ್ತ ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಹಿಡಿದದ್ದು ಅವನ ಕಣ್ಣಿಗೆ ಕಂಡಿತು, ಅಷ್ಟೆ.

"ಎಷ್ಟ ಬಿಸಿ ಐತ್ರಿ ರಕ್ತ," ಎಂದಳು.

"ಹೌದೇನು?" ಎಂದು ಕೇಳಿದ ರುದ್ರೇಶ.