ಜಡ್ಜ್ ಹಾಲಿಸ್‌ಗೆ ಹೊದಿಸಿದ ಶಾಲು

"ಇವರಿಗೆ ಶಾಲು ಹೊದಿಸ್ತಿದ್ದೀರಾ? ಇವರಿಗೆ?!"

ವತ್ಸಲಾಳ ದನಿಗೆ ಶಾರದಾ ಆಂಟಿಯ ಬೇಸ್‌ಮೆಂಟ್ ಪೂರ್ತಿ ಗಪ್‌ಚಿಪ್ ಆಯಿತು.

೧೯೭೮ರ ದೀಪಾವಳಿ ಊಟ. ಅಮೆರಿಕದ ಷಾರ್ಲೆಟ್ ಊರಿನ ಸುತ್ತಮುತ್ತ ಆಗ ಇದ್ದ ಕನ್ನಡದ ಮನೆಗಳೇ ಬೆರಳೆಣಿಕೆಯಷ್ಟು. ಎಲ್ಲರೂ ಅಲ್ಲಿದ್ದರು. ನಡುವೆ ಕುರ್ಚಿಯ ಮೇಲೆ, ಕಾರ್ನೇಷನ್ ಹೂವಿನ ಹಾರ ಹಾಕಿಕೊಂಡು ನಗುತ್ತಾ ಕೂತಿದ್ದವನು ಜಡ್ಜ್ ಹಾಲಿಸ್!

ಅವನ ಹೆಗಲಿಗೆ ಶಾಲು ಹೊದಿಸುತ್ತಿದ್ದ ತೆಳ್ಳನೆಯ ಯುವಕನನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಅವನು ಬೆಚ್ಚಿ ತಿರುಗಿದ. ಇಬ್ಬರ ಕಣ್ಣೂ ಸೇರಿದ ಆ ಗಳಿಗೆಯಲ್ಲೇ ಕ್ಯಾಮೆರಾದ ಫ್ಲ್ಯಾಶ್ ಮಿಂಚಿತು. ಫೋಟೋ ತೆಗೆಯುವವನನ್ನು ಜಡ್ಜೇ ಜೊತೆಗೆ ಕರೆತಂದಿದ್ದ.

ಶಾರದಾ ಆಂಟಿ ಓಡಿ ಬಂದರು. "ಏ ವತ್ಸಲಾ, ಮೆಲ್ಲಗೆ ಕಣೇ! ನಮ್ಮನೆಯವರ ಜೊತೆ ಗಾಲ್ಫ್ ಆಡ್ತಾರೆ ಅವರು. ತಾವಾಗೇ ಬರ್ತೀನಿ ಅಂದ್ರು. ಅಂಥ ದೊಡ್ಡ ಮನುಷ್ಯರು ಮನೆಗೆ ಬಂದಾಗ ಒಂದು ಸನ್ಮಾನ ಮಾಡ್ಬೇಡ್ವಾ?"

ಸನ್ಮಾನವಂತೆ! ವತ್ಸಲಾಳ ಮೈ ಉರಿದುಹೋಯಿತು. ತಟ್ಟೆ ಮುಟ್ಟದೆ ಹೊರಗೆ ನಡೆದಳು.

ಆ ಯುವಕ ಹಿಂದೆಯೇ ಬಂದ. "ಒಂದ್ನಿಮಿಷ ರೀ... ನಾನು ಗುರುದತ್ತ. ಜವಳಿ ಮಿಲ್‌ನಲ್ಲಿ ಕೆಮಿಸ್ಟ್. ನಾನೇನು ತಪ್ಪು ಮಾಡಿದೆ ಅಂತಾದ್ರೂ ಹೇಳಿ."

"ಅವರು ಯಾಕೆ ಬಂದಿದ್ದಾರೆ ಗೊತ್ತಾ? ಮುಂದಿನ ವಾರ ಎಲೆಕ್ಷನ್. ಅವರು ಕ್ಯಾಂಡಿಡೇಟು!"

"ಜಡ್ಜ್‌ಗೆ... ಎಲೆಕ್ಷನ್ನಾ?" ಗುರುದತ್ತ ಕಣ್ಣರಳಿಸಿದ. "ತಮಾಷೆ ಮಾಡ್ತಿದ್ದೀರಾ?"

ಅವನನ್ನೇ ಯಾಕೆ ದೂರಬೇಕು! ಒಳಗಿದ್ದವರಲ್ಲಿ ಅರ್ಧ ಜನಕ್ಕೆ ಅದು ಗೊತ್ತಿರಲಿಲ್ಲ. ನಮ್ಮ ಕಡೆ ಜಡ್ಜ್ ಎಂದರೆ ಎದ್ದು ನಿಂತು ಕೈ ಮುಗಿಯುವವರು ನಾವು. ಅವರೂ ಮನೆಮನೆಗೆ ಬಂದು ವೋಟು ಕೇಳುತ್ತಾರೆಂದು ಯಾರಿಗೆ ಹೊಳೆಯಬೇಕು?

"ಲೊರೆಟಾ ಅಂತ ಒಂದು ಮಗು," ವತ್ಸಲಾ ಹೇಳಿದಳು. "ಐದು ವರ್ಷ. ಕೈ ಮುರ್ಕೊಂಡು ನಮ್ಮ ಆಸ್ಪತ್ರೆ ಎಮರ್ಜೆನ್ಸಿಗೆ ಬಂತು. ಮಲತಂದೆ, ಮೆಟ್ಟಿಲಿಂದ ಬಿದ್ದಳು ಅಂದ. ಬಿದ್ರೆ ಮೂಳೆ ಹಾಗೆ ಮುರಿಯಲ್ಲ ರೀ, ಯಾರೋ ತಿರುಚಿದ್ರೆ ಮಾತ್ರ ಹಾಗಾಗುತ್ತೆ! ಕೋರ್ಟಿಗೆ ಹೋಗಿ ಹೇಳಿದೆ. ಈ ಜಡ್ಜು ಏನಂದ್ರು ಗೊತ್ತಾ? 'ಡಾಕ್ಟರ್, ನಿಮ್ಮ ಇಂಗ್ಲಿಷ್ ನನಗೆ ಒಂದಕ್ಷರವೂ ಅರ್ಥ ಆಗ್ತಿಲ್ಲ' ಅಂದ್ರು. ಕೋರ್ಟ್ ಪೂರ್ತಿ ನಕ್ಕಿತು. ಮಗುವನ್ನ ಅದೇ ಮನೆಗೆ ವಾಪಸ್ ಕಳಿಸಿದ್ರು."

ಗುರುದತ್ತನ ಮುಖ ಬಿಳಿಚಿಕೊಂಡಿತು.

"ಬೇಸಿಗೇಲಿ ಮತ್ತೆ ಬಂತು. ಈ ಸಲ ಪಕ್ಕೆಲುಬು. ಈಗ ಸದ್ಯಕ್ಕೆ ಅಜ್ಜಿ ಹತ್ರ ಇದೆ. ಅಲ್ಲೇ ಉಳಿಯುತ್ತೋ, ಮತ್ತೆ ಆ ರಾಕ್ಷಸನ ಮನೆಗೆ ಹೋಗುತ್ತೋ... ಜನವರೀಲಿ ಅದೇ ಕೋರ್ಟು ತೀರ್ಮಾನ ಮಾಡುತ್ತೆ. ಅದಕ್ಕೇ ಅವರ ಎದುರು ನಿಂತಿರೋ ರೂತ್ ಟಾಲಿ ಪರವಾಗಿ ಊರೆಲ್ಲಾ ಸುತ್ತುತ್ತಿದ್ದೀನಿ. ನೀವು ನೋಡಿದ್ರೆ ಶಾಲು!"

ಅವಳು ಕಾರಿನ ಬಾಗಿಲು ಧಡ್ ಎಂದು ಮುಚ್ಚಿದಳು.

ಗುರುವಾರದ ಪೇಪರಿನಲ್ಲಿ ಅರ್ಧ ಪುಟದ ಜಾಹೀರಾತು. ಹಾರ, ಶಾಲು, ಜಡ್ಜ್ ಹಾಲಿಸ್‌ನ ನಗು. ಕೆಳಗೆ, 'ನಮ್ಮ ಇಂಡಿಯನ್ ಡಾಕ್ಟರುಗಳೂ ಜಡ್ಜ್ ಹಾಲಿಸ್ ಕಡೆ!' ಹಿಂದೆ ಬಾಯಿ ತೆರೆದು ನಿಂತಿದ್ದವಳು ವತ್ಸಲಾ! ಅವಳು ಕೂಗಾಡಿದ್ದು ಫೋಟೋದಲ್ಲಿ ಜೈಕಾರ ಹಾಕಿದ ಹಾಗೆ ಕಾಣುತ್ತಿತ್ತು.

ಅಬ್ಬಾ, ಎಂಥ ಅನ್ಯಾಯ! ಆ ಕನ್ನಡದವರೆಲ್ಲ ಗ್ರೀನ್ ಕಾರ್ಡಿನವರು, ಇನ್ನೂ ಅಮೆರಿಕದ ಪ್ರಜೆಗಳಲ್ಲ. ವೋಟು ಹಾಕುವ ಹಕ್ಕು ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಅವರ ಫೋಟೋ ಮಾತ್ರ ಬೇಕಾಗಿತ್ತು.

ಅಂದು ಲೊರೆಟಾಳ ಅಜ್ಜಿ ಆಸ್ಪತ್ರೆಗೆ ಬಂದರು. ಪೇಪರನ್ನು ಮೇಜಿನ ಮೇಲಿಟ್ಟು ಒಂದೇ ಮಾತು ಕೇಳಿದರು. "ನೀವೂನಾ, ಡಾಕ್ಟರ್?"

ಅಲ್ಲ, ಹಾಗಲ್ಲ ಎಂದು ವತ್ಸಲಾ ಎಷ್ಟು ಹೇಳಿದರೂ ಅಜ್ಜಿಯ ಕಣ್ಣಿನ ಅನುಮಾನ ಪೂರ್ತಿ ಹೋಗಲಿಲ್ಲ.

ಸಂಜೆ ಗುರುದತ್ತ ಆಸ್ಪತ್ರೆಯ ಕೆಫೆಟೇರಿಯಾಕ್ಕೇ ಬಂದ. ಕೈಯಲ್ಲಿ ಅದೇ ಪೇಪರು.

"ವತ್ಸಲಾ ಅವರೇ... ಕ್ಷಮಿಸಿ. ನನಗೆ ಮುಖ ಎತ್ತೋಕೆ ಆಗ್ತಿಲ್ಲ."

"ನನ್ನ ಕ್ಷಮೆ ತಗೊಂಡು ಆ ಮಗುಗೆ ಏನಾಗ್ಬೇಕು? ಶಾಲು ಹೊದಿಸಿದ್ದು ಎಲ್ಲರ ಮುಂದೆ. ಕ್ಷಮೆ ಕೇಳೋದು ಮಾತ್ರ ಕಾಫಿ ಕುಡೀತಾ, ಗುಟ್ಟಾಗಿ!"

ಅವನು ತಲೆ ತಗ್ಗಿಸಿದ. "ನಮ್ಮ ಮಿಲ್ ಮ್ಯಾನೇಜರು ಜಡ್ಜ್‌ಗೆ ಭಾವಮೈದ..."

"ಓಹೋ! ಹಾಗಾದ್ರೆ ಮುಗೀತು ಬಿಡಿ. ಹೋಗಿ ಕೆಲಸ ಉಳಿಸ್ಕೊಳ್ಳಿ."

ಅವನು ಎದ್ದು ಹೋದ. 'ಹೇಡಿ!' ಎಂದುಕೊಂಡಳು. ಆದರೆ... ಅವನು ಹೋದ ಬಾಗಿಲನ್ನೇ ಯಾಕೆ ನೋಡುತ್ತಾ ಕೂತಳೋ! ಅದಕ್ಕೂ ತನ್ನ ಮೇಲೆಯೇ ಸಿಟ್ಟು ಬಂತು.

ಚುನಾವಣೆಗೆ ಮುಂಚಿನ ಸಂಜೆ ಫೈರ್ ಸ್ಟೇಷನ್‌ನಲ್ಲಿ ಅಭ್ಯರ್ಥಿಗಳ ಸಭೆ. ಊರಿನವರು ಪ್ರಶ್ನೆ ಕೇಳಬಹುದು. ರೂತ್ ಟಾಲಿ ಒಂದು ಕಡೆ, ಜಡ್ಜ್ ಹಾಲಿಸ್ ಇನ್ನೊಂದು ಕಡೆ. ಮುಂದಿನ ಸಾಲಿನಲ್ಲಿ ಮಿಲ್ ಮ್ಯಾನೇಜರು ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಹಿಂದಿನಿಂದ ಒಂದು ಕೈ ಮೇಲೆದ್ದಿತು. ವತ್ಸಲಾ ತಿರುಗಿ ನೋಡಿದಳು.

ಗುರುದತ್ತ!

"ಜಡ್ಜ್ ಸರ್," ಅವನು ಇಂಗ್ಲಿಷಿನಲ್ಲೇ ಶುರು ಮಾಡಿದ. ದನಿ ನಡುಗಲಿಲ್ಲ. "ಪೇಪರಿನ ಫೋಟೋದಲ್ಲಿ ನಿಮಗೆ ಶಾಲು ಹೊದಿಸಿದವನು ನಾನು. ನಮ್ಮಲ್ಲಿ ಮನೆಗೆ ಬಂದ ಅತಿಥಿಗೆ ಅದು ಮರ್ಯಾದೆ. ಬೆಂಬಲ ಅಲ್ಲ. ನೀವು ಕ್ಯಾಂಡಿಡೇಟ್ ಅನ್ನೋದೇ ನನಗೆ ಗೊತ್ತಿರಲಿಲ್ಲ. ನಮ್ಮನ್ನು ಕೇಳದೆ ಅದನ್ನ ಜಾಹೀರಾತು ಮಾಡಿದ್ದು ತಪ್ಪು."

ಮ್ಯಾನೇಜರು ಕತ್ತು ಹೊರಳಿಸಿದ. ಗುರುದತ್ತ ಅವನ ಕಡೆ ನೋಡಲೇ ಇಲ್ಲ.

"ಈಗ ನನ್ನ ಪ್ರಶ್ನೆ. ಅವತ್ತು ಅರ್ಧ ಗಂಟೆ ನನ್ನ ಜೊತೆ ಮಾತಾಡಿದ್ರಿ. ಬಣ್ಣ ಹಾಕೋ ಕೆಮಿಸ್ಟ್ರಿ ಕೇಳಿದ್ರಿ, ನನ್ನ ಜೋಕಿಗೆ ನಕ್ಕಿರಿ. ಊಟಕ್ಕೆ ಬಂದಾಗ ನನ್ನ ಇಂಗ್ಲಿಷು ನಿಮಗೆ ಅರ್ಥ ಆಯ್ತು. ಈ ಡಾಕ್ಟರ್ ಇಂಗ್ಲಿಷು ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ. ಒಂದು ಮಗುವಿನ ಮುರಿದ ಕೈ ಬಗ್ಗೆ ಹೇಳಿದಾಗ ಅದು ಯಾಕೆ ಅರ್ಥ ಆಗಲಿಲ್ಲ, ಸರ್?"

ಜಡ್ಜ್ ಹಾಲಿಸ್‌ನ ಕಿವಿಯವರೆಗೂ ಕೆಂಪೇರಿತು. ಹಿಂದಿನ ಸಾಲಿನಿಂದ ಹೆಂಗಸೊಬ್ಬರು ಎದ್ದು, "ಉತ್ತರ ಹೇಳಿ, ಜಡ್ಜ್!" ಎಂದರು. ಅವರು ಲೊರೆಟಾಳ ಅಜ್ಜಿ.

ಜಡ್ಜ್ ಏನೋ ತೊದಲಿದ. ಅದು ಯಾರಿಗೂ ಅರ್ಥವಾಗಲಿಲ್ಲ.

ವತ್ಸಲಾಳ ಕಣ್ಣು ತುಂಬಿ ಬಂತು. 'ಇವನನ್ನಾ ನಾನು ಹೇಡಿ ಅಂದದ್ದು!'

ಇಷ್ಟಾದ ಮೇಲೆ ರೂತ್ ಟಾಲಿ ಗೆಲ್ಲಬೇಕಿತ್ತು ತಾನೇ? ಗೆಲ್ಲಲಿಲ್ಲ! ಸ್ವಲ್ಪದರಲ್ಲಿ ಸೋತಳು. ಅದೇ ಹಾಲಿಸ್, ಅದೇ ಕುರ್ಚಿ. ಇತ್ತ ಗುರುದತ್ತನನ್ನು ಮಿಲ್‌ನ ಲ್ಯಾಬಿನಿಂದ ತೆಗೆದು ಕುದಿಯುವ ಬಣ್ಣದ ತೊಟ್ಟಿಗಳ ಹತ್ತಿರ ಹಾಕಿದರು. ಅವನು ಗೊಣಗಲಿಲ್ಲ. ದಿನಾ ಸಂಜೆ ಕೆಫೆಟೇರಿಯಾಕ್ಕೆ ಬಂದು, ವತ್ಸಲಾ ಕೋರ್ಟಿನಲ್ಲಿ ಹೇಳಬೇಕಾದ್ದನ್ನು ಹೇಳಿಸಿ ಕೇಳುತ್ತಿದ್ದ.

"ನಾನು ಸೋತ್ರೆ, ಗುರುದತ್ತ? ಮತ್ತೆ ನಕ್ಕರೆ?"

"ಈ ಸಲ ನಗೋಕೆ ಬಿಡಲ್ಲ."

ಜನವರಿಯಲ್ಲಿ ವತ್ಸಲಾ ಕೋರ್ಟಿನ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟಳು. ಬೆಂಚುಗಳ ತುಂಬಾ ರೇಷ್ಮೆ ಸೀರೆಗಳು! ಸೀರೆಯ ಮೇಲೆ ದಪ್ಪ ಕೋಟು ತೊಟ್ಟು ಶಾರದಾ ಆಂಟಿ, ಮಿಕ್ಕ ಹೆಂಗಸರು, ಗಂಡಸರು. ಅವರ ಪಕ್ಕದಲ್ಲೇ ಅಜ್ಜಿಯ ಚರ್ಚಿನವರು. ಗುರುದತ್ತ ಎಲ್ಲ ಮನೆಗೂ ಹೋಗಿ ಕರೆದಿದ್ದ.

ಶಾರದಾ ಆಂಟಿ ಪಿಸುಗುಟ್ಟಿದರು. "ಮಾತಾಡೇ ಮಗಳೇ. ನಗಲಿ ನೋಡೋಣ, ಯಾರು ನಗ್ತಾರೋ!"

ಜಡ್ಜ್ ಆ ಬೆಂಚುಗಳನ್ನು ನೋಡಿದ. ಗಂಟಲು ಸರಿಮಾಡಿಕೊಂಡ. "ಹೇಳಿ, ಡಾಕ್ಟರ್. ನಿಧಾನವಾಗಿ ಹೇಳಿ. ಕೇಳ್ತಿದ್ದೀನಿ."

ವತ್ಸಲಾ ಹೇಳಿದಳು. ಒಂದೊಂದು ಮೂಳೆಯ ಹೆಸರೂ ಬಿಡದೆ ಹೇಳಿದಳು. ಯಾರೂ ನಗಲಿಲ್ಲ.

ಲೊರೆಟಾ ಅಜ್ಜಿಯ ಮನೆಯಲ್ಲೇ ಉಳಿಯಬೇಕೆಂದು ತೀರ್ಪಾಯಿತು.

ಹೊರಗೆ ಮೆಟ್ಟಿಲ ಮೇಲೆ ಚಳಿ ಕೊರೆಯುತ್ತಿತ್ತು. ವತ್ಸಲಾ ಅಳುತ್ತಿದ್ದಳು. ಸಂತೋಷಕ್ಕೋ, ಸಿಟ್ಟಿಗೋ ಅವಳಿಗೇ ಗೊತ್ತಿರಲಿಲ್ಲ.

"ಇಷ್ಟು ಜನ ಬಂದು ಕೂತ್ರೆ ಮಾತ್ರ ಕಿವಿ ಕೇಳಿಸ್ಬೇಕಾ ಅವರಿಗೆ? ಮೊದಲನೇ ಸಲ ನಾನೊಬ್ಬಳೇ ಹೇಳಿದಾಗಲೇ ಕೇಳಿದ್ದಿದ್ರೆ, ಆ ಮಗುವಿನ ಪಕ್ಕೆಲುಬು ಮುರೀತಿತ್ತಾ? ನನಗೆ ಇನ್ನೂ ಕೋಪ ಇದೆ, ಗುರುದತ್ತ!"

"ಇರಲಿ. ಆ ಕೋಪ ಕಂಡೇ ನಾನು ನಿಮ್ಮನ್ನ ಇಷ್ಟಪಟ್ಟಿದ್ದು."

ಅವಳು ಕಣ್ಣೊರೆಸುತ್ತಿದ್ದವಳು ತಲೆ ಎತ್ತಿದಳು.

"ಇನ್ನು ನಾಲ್ಕು ವರ್ಷಕ್ಕೆ ಅವರು ಮತ್ತೆ ಎಲೆಕ್ಷನ್‌ಗೆ ನಿಲ್ತಾರೆ," ಗುರುದತ್ತ ಎಲ್ಲೋ ನೋಡುತ್ತಾ ಹೇಳಿದ. "ಅಷ್ಟರಲ್ಲಿ ಇಬ್ಬರೂ ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡೋಣ. ಒಂದೇ ಕಾರಲ್ಲಿ ಹೋಗಿ, ಇಬ್ಬರೂ ಅವರ ವಿರುದ್ಧ ವೋಟ್ ಹಾಕಿ ಬರೋಣ."

"ಒಂದೇ ಕಾರಲ್ಲಿ ಯಾಕೆ? ನನ್ನ ಹತ್ರ ಕಾರಿದೆಯಲ್ಲ..."

"ಅಷ್ಟು ಹೊತ್ತಿಗೆ... ಒಂದೇ ಮನೆಯಿಂದ ಹೊರಡ್ತಿರ್ತೀವಲ್ಲ, ಅದಕ್ಕೆ."

ವತ್ಸಲಾಳ ಮುಖ ಕೆಂಪಾಯಿತು. ಬಹಳ ದಿನಗಳ ಮೇಲೆ, ಅದು ಕೋಪಕ್ಕಲ್ಲ.

"ಡ್ರೈವ್ ನಾನೇ ಮಾಡ್ತೀನಿ," ಎಂದು ಅವನ ಕೈ ಹಿಡಿದಳು.