ಶ್ರೀರಾಮಪ್ಪನ ಕೆಂಪು ದೀಪ

"ಯಾರು ಕಳ್ಸಿದ್ದು ನಿಮ್ಮನ್ನ?"

ಜೀಪಿನ ಕಿಟಕಿಗೆ ಮುಖ ತಂದು ಕೇಳಿದವನ ಕೈ ಜಾಕೆಟ್ಟಿನೊಳಗಿತ್ತು. ಒಳಗಿರುವುದು ಮಚ್ಚು ಎಂದು ಹೇಳಲು ಜ್ಯೋತಿಷ್ಯ ಬೇಕಿರಲಿಲ್ಲ.

ನಾನು ಅವನ ಕಡೆ ತಿರುಗಲೂ ಇಲ್ಲ. ಖಾಕಿ ಹಾಕಿದವನು ತಿರುಗಬಾರದು, ಅದು ಬಾಡಿಗೆಯ ಖಾಕಿಯಾದರೂ ಸರಿ.

"ಮೇಲಿನವರು," ಎಂದೆ. "ಸಾಹೇಬ್ರಿಗೆ ಹೇಳು, ಮುಂದೆ ಹೋಗೋ ಪೈಲಟ್ ಜೀಪು ರೆಡಿ ಇದೆ ಅಂತ."

ಅವನು ನಮ್ಮ ಜೀಪಿನ ಮೇಲೆ ಗಿರಗಿರ ತಿರುಗುತ್ತಿದ್ದ ದೀಪ ನೋಡಿದ. ಕೈ ಜಾಕೆಟ್ಟಿನಿಂದ ಹೊರಬಂತು... ಖಾಲಿಯಾಗಿ! ನೇರ ಹಣೆಗೆ ಹೋಯಿತು. ಸೆಲ್ಯೂಟ್.

ಥೂ! ಇಷ್ಟೇ ಕಣ್ರೀ ಈ ಊರು.

ತೊಂಬತ್ತೆಂಟರ ಮಾತು. ಆಗ ಬೆಂಗಳೂರಿನಲ್ಲಿ ಕೆಂಪು ದೀಪ ಹೊತ್ತ ಕಾರನ್ನು ತಡೆಯುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಮಂತ್ರಿಗೆ ಒಂದು ದೀಪ, ಮಂತ್ರಿಯ ಭಾವಮೈದನಿಗೆ ಒಂದು, ಆ ಭಾವಮೈದನಿಗೆ ಸೈಟು ತೋರಿಸುವ ಬ್ರೋಕರಿಗೂ ಒಂದು. ಇಂದಿರಾನಗರದ ಬಿಲ್ಡರ್ ಶ್ರೀರಾಮಪ್ಪ ಯಾವ ಸೀಮೆಯ ಸಾಹೇಬನೂ ಅಲ್ಲ. ಯಾವುದಾದರೂ ನಿಗಮಕ್ಕೆ ಅಧ್ಯಕ್ಷನಾಗಬೇಕೆಂದು ವರ್ಷಗಟ್ಟಲೆ ಪುಢಾರಿಗಳ ಮನೆ ಮುಂದೆ ನಿಂತವನು. ಹುದ್ದೆ ಬರಲಿಲ್ಲ. ಅಂಬಾಸಿಡರ್ ಮೇಲೆ ದೀಪ ಮಾತ್ರ ಬಂದು ಕೂತಿತ್ತು.

ಅವನು ಕಟ್ಟಿಸುತ್ತಿದ್ದ ಕಟ್ಟಡದ ಪಾಯದ ಗುಂಡಿ ಕುಸಿದು ಇಬ್ಬರು ಕೂಲಿಗಳು ಮಣ್ಣಾಗಿದ್ದರು. ಆಸರೆ ಕೊಡದೆ ಅಗೆಯಿರಿ ಎಂದು ಅವನು ಹೇಳಿದ್ದನ್ನು ಕೇಳಿ, ಬದುಕಿ ಉಳಿದವನು ಹುಲಿಗೆಪ್ಪ ಒಬ್ಬನೇ. ಯಾದಗಿರಿ ಕಡೆಯವನು. ಆ ಸೋಮವಾರ ಮೇಯೋಹಾಲ್ ಕೋರ್ಟಿನಲ್ಲಿ ಅವನು ಸಾಕ್ಷಿ ಹೇಳಬೇಕಿತ್ತು. ಬೆಳ್ಳಂಬೆಳಗ್ಗೆ ಕೆಂಪು ದೀಪದ ಕಾರು ಅವನ ಬಾಡಿಗೆ ರೂಮಿನ ಮುಂದೆ ನಿಂತಿತು. ವಠಾರದವರೆಲ್ಲ ಕೈಮುಗಿದು ದಾರಿ ಬಿಟ್ಟರು. ಅವರ ಕಣ್ಣೆದುರೇ ಹುಲಿಗೆಪ್ಪನನ್ನು ಹೊತ್ತುಕೊಂಡು ಹೋದರು!

ಅವನ ಹೆಂಡತಿ ಮಾನಮ್ಮ ಕಾರಿನ ಹಿಂದೆಯೇ ಓಡಿದ್ದಳು. ಅದು ಶ್ರೀರಾಮಪ್ಪನ ಮನೆಯ ಗೇಟಿನೊಳಗೆ ಹೋಗುವುದನ್ನು ನೋಡಿದ್ದಳು. ಠಾಣೆಯಲ್ಲಿ ಕೆಂಪು ದೀಪ ಎಂದೊಡನೆ ಕೈ ತೊಳೆದುಕೊಂಡರಂತೆ. ಅಲ್ಲಿಂದ ಹಲಸೂರಿನ ನನ್ನ ಆಫೀಸಿಗೆ ಬಂದಳು. ಪತ್ತೇದಾರಿ ನನ್ನ ಕಸುಬು.

"ಯಣ್ಣಾ, ಕೆ.ಆರ್. ಪುರಂ ದಾಟಿಸಿದ್ರ ಅವ ತಿರುಗಿ ಬರಂಗಿಲ್ಲ," ಎಂದಳು.

ನಿಜ. ಅದರಾಚೆ ಶ್ರೀರಾಮಪ್ಪನ ಕಲ್ಲು ಕ್ವಾರಿ ಇತ್ತು. ಆದರೆ ಒಂಬತ್ತರವರೆಗೆ ರಾಹುಕಾಲ. ಕೊಲೆ ಮಾಡಿಸಲೂ ಒಳ್ಳೆಯ ಗಳಿಗೆ ನೋಡುವ ಭಕ್ತ ಅವನು! ಅಷ್ಟು ಹೊತ್ತು ನಮ್ಮ ಕೈಯಲ್ಲಿತ್ತು.

ಶಿವಾಜಿನಗರದ ನಜೀರ್ ಹಳೇ ಗಾಡಿಗಳ ಸಾಮಾನು ಮಾರುವವನು. ದೀಪ, ಸೈರನ್, ಹರಾಜಿನಲ್ಲಿ ತಂದ ಸರ್ಕಾರಿ ಜೀಪು, ಎಲ್ಲ ಅವನ ಬಳಿ ಇತ್ತು. ಶ್ರೀರಾಮಪ್ಪನಿಗೆ ದೀಪ ಮಾರಿದವನೂ ಅವನೇ. ಆ ಕಾರನ್ನು ತಡೆಯುವುದು ಹೇಗೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ.

"ತಡೀಬೇಡ, ಬಸು ಭಾಯ್," ಎಂದ ನಜೀರ್. "ಮುಂದೆ ಹೋಗು. ಅವ್ನೇ ಹಿಂದೆ ಬರ್ತಾನೆ."

ಹೀಗೆ ನಾವು ಆ ಗೇಟಿನ ಮುಂದೆ ನಿಂತಿದ್ದೆವು.

ಗೇಟು ತೆರೆಯಿತು. ಅಂಬಾಸಿಡರ್ ಹೊರಬಂತು. ಹಿಂದಿನ ಸೀಟಿನಲ್ಲಿ ಒಂದು ಕಡೆ ಗರಿಗರಿ ಬಿಳಿ ಬಟ್ಟೆಯ ಶ್ರೀರಾಮಪ್ಪ, ಇನ್ನೊಂದು ಕಡೆ ಮಚ್ಚಿನವನು, ನಡುವೆ ಹುಲಿಗೆಪ್ಪ. ನಜೀರ್ ಸೈರನ್ ಒತ್ತಿ ಜೀಪು ಬಿಟ್ಟ.

ನೂರಡಿ ರಸ್ತೆ ಮುಗಿದು ಹಳೇ ಮದ್ರಾಸ್ ರಸ್ತೆ ಬಂತು. ಬಲಕ್ಕೆ ಹೋದರೆ ಕೆ.ಆರ್. ಪುರಂ, ಕ್ವಾರಿ, ಹುಲಿಗೆಪ್ಪನ ಕೊನೆ. ಎಡಕ್ಕೆ ಹೋದರೆ ಕೋರ್ಟು.

ನಾವು ಎಡಕ್ಕೆ ತಿರುಗಿದೆವು.

ಹಿಂದಿನ ಕಾರು ನಿಂತುಬಿಟ್ಟಿತು. ನಾನು ಕನ್ನಡಿಯಲ್ಲೇ ಕಣ್ಣು ನೆಟ್ಟೆ...

ಆಗ ಒಳಗೆ ನಡೆದದ್ದನ್ನು ಆಮೇಲೆ ಹುಲಿಗೆಪ್ಪ ಹೇಳಿದ. ಶ್ರೀರಾಮಪ್ಪ ಬಲಕ್ಕೆ ಹೊಡಿ ಎಂದನಂತೆ. ಡ್ರೈವರ್ ಅಪ್ಪಣ್ಣ ಅಸಲಿ ಮಂತ್ರಿಗಳ ಕಾರು ಓಡಿಸಿ ನಿವೃತ್ತನಾದವನು. ಅವನು ಒಪ್ಪಲಿಲ್ಲ.

"ಪೈಲಟ್ ಹೋದ ಕಡೆ ಹೋಗ್ಬೇಕು, ಸಾರ್. ನಿಗಮದ ಆರ್ಡರ್ ಆಗಿರ್ಬೇಕು. ಅಧಿಕಾರ ವಹಿಸ್ಕೊಳ್ಳೋಕೇ ಕರ್ಕೊಂಡ್ ಹೋಗ್ತಿದಾರೆ."

ಅಷ್ಟು ಸಾಕಾಯಿತು. ಕ್ವಾರಿ ಕೆಲಸ ಮಧ್ಯಾಹ್ನಕ್ಕಿರಲಿ ಎಂದು ಶ್ರೀರಾಮಪ್ಪ ಬಾಚಣಿಗೆ ತೆಗೆದನಂತೆ!

ಕಾರು ಎಡಕ್ಕೆ ತಿರುಗಿತು.

ಹಲಸೂರಿನಲ್ಲಿ ಜಾಮ್. ಅದರ ನಡುವೆ ಒಂದು ಆಂಬುಲೆನ್ಸ್ ಸಿಕ್ಕಿಕೊಂಡು ಒಂದೇ ಸಮನೆ ಕಿರುಚುತ್ತಿತ್ತು. ಆಟೋದವನೊಬ್ಬ ಅದರ ಮುಂದೆಯೇ ನಿಂತು ಬೀಡಿ ಹಚ್ಚುತ್ತಿದ್ದ. ಒಂದು ನಾಯಿಯೂ ಜಾಗ ಕೊಡಲಿಲ್ಲ. ನಮ್ಮನ್ನು ಕಂಡದ್ದೇ ಟ್ರಾಫಿಕ್ ಪೇದೆ ನಾಲ್ಕೂ ಕಡೆ ಕೈ ಬೀಸಿ ರಸ್ತೆ ಬಿಡಿಸಿದ. ನನಗೆ ಮೈಯೆಲ್ಲ ಉರಿಯಿತು. ಆಂಬುಲೆನ್ಸ್ ನಮ್ಮ ಬಾಲ ಹಿಡಿದು ಹೇಗೋ ಪಾರಾಯಿತು. ಈ ಊರಿನಲ್ಲಿ ಸಾಯುವವನಿಗೂ ಮುಂದೊಬ್ಬ ನಕಲಿ ವಿಐಪಿ ಬೇಕು.

ಟ್ರಿನಿಟಿ ಸರ್ಕಲ್. ಎಂ.ಜಿ. ರಸ್ತೆ. ಮೇಯೋಹಾಲ್.

ಹಳೇ ಕಾಲದ ದೊಡ್ಡ ಕಟ್ಟಡ, ಪೊಲೀಸರು, ಕಪ್ಪು ಕೋಟಿನ ಗುಂಪು... ಎಲ್ಲ ತನಗಾಗಿಯೇ ಸೇರಿದೆ ಎಂದುಕೊಂಡ, ಒಂದು ವಾಯಿದೆಗೂ ಮುಖ ತೋರಿಸದೆ ವಕೀಲರನ್ನೇ ಕಳಿಸುತ್ತಿದ್ದ ಶ್ರೀರಾಮಪ್ಪ. ಅಪ್ಪಣ್ಣ ಇಳಿದು ಬಾಗಿಲು ತೆಗೆದ. ಸಾಹೇಬ ಕೈಮುಗಿಯುತ್ತಲೇ ಇಳಿದ. ಸಾಹೇಬ ಇಳಿದರೆ ಚೇಲಾ ಸುಮ್ಮನೆ ಕೂರುತ್ತಾನೆಯೇ? ಮಚ್ಚಿನವನೂ ಹಾರಿ ಇಳಿದು, "ಸೈಡ್, ಸೈಡ್," ಎಂದು ಜನರನ್ನು ತಳ್ಳುತ್ತ ಮುಂದೆ ಓಡಿದ.

ಕಾರಿನಲ್ಲಿ ಹುಲಿಗೆಪ್ಪ ಒಬ್ಬನೇ ಉಳಿದ. ಎರಡೂ ಬಾಗಿಲು ತೆರೆದಿದ್ದವು.

"ಬಾ," ಎಂದಳು ವಕೀಲರ ಜೊತೆ ಕಾದಿದ್ದ ಮಾನಮ್ಮ. ಅವನ ಕೈ ಹಿಡಿದಳು. ಆಗ ಮಾತ್ರ ಅತ್ತಳು.

ಶ್ರೀರಾಮಪ್ಪ ಹಾರಕ್ಕಾಗಿ ಹುಡುಕುತ್ತಿದ್ದಾಗ ಒಳಗೆ ಹುಲಿಗೆಪ್ಪನ ಹೆಸರು ಕೂಗಿದರು. ಅವನು ಎಲ್ಲವನ್ನೂ ಹೇಳಿದ. ಗುಂಡಿಯದ್ದನ್ನೂ, ಆ ಬೆಳಗ್ಗೆಯದ್ದನ್ನೂ. ಊಟದ ಹೊತ್ತಿಗೆ ಶ್ರೀರಾಮಪ್ಪ ಪೊಲೀಸ್ ವ್ಯಾನಿನಲ್ಲಿದ್ದ. ಅದರ ಮೇಲಿದ್ದದ್ದು ಅಸಲಿ ದೀಪ.

ನಾನು ಹೊರಗೆ ಬಂದಾಗ ನಮ್ಮ ಜೀಪಿನ ಬಳಿ ಒಬ್ಬ ಪೇದೆ ನಿಂತಿದ್ದ. ಕಥೆ ಮುಗಿಯಿತು, ಕಂಬಿ ಎಣಿಸುವುದೇ ಎಂದುಕೊಂಡೆ. ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿದಿಲ್ಲ, ಎದುರಿನವರ ಕಣ್ಣು ಕುಕ್ಕುತ್ತದೆ, ಕೇಸು ಹಾಕಬೇಕು ಎಂದ. ನಜೀರ್ ಆರಿಸಲು ಮರೆತ ಕೆಂಪು ದೀಪ ಅವನ ತಲೆಯ ಮೇಲೆಯೇ ತಿರುಗುತ್ತಿತ್ತು. ಅವನು ಅದನ್ನೂ ನೋಡಿದ.

ನೋಡಿ, ಮೊದಲು ಸೆಲ್ಯೂಟ್ ಹೊಡೆದ. ಆಮೇಲೆ ದಂಡದ ಚೀಟಿ ಹರಿದುಕೊಟ್ಟ.